ಕೀರ್ತಿನಾಶಾ

ನದಿಯನ್ನೂ ಹೆಂಗಸನ್ನೂ ನಂಬಬಾರದು ಎಂದು ಒಂದೇ ಉಸಿರಿನಲ್ಲಿ ಹೇಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಬಂಗಾಳದ ಪದ್ಮಾ ನೆನಪಾಗುತ್ತಾಳೆ. ನಾನು ಅವಳನ್ನು ಕಂಡವಳಲ್ಲ. ರವೀಂದ್ರನಾಥ ಠಾಕೂರರು ಅಣ್ಣನ ಮಗಳು ಇಂದಿರಾಗೆ ಬರೆದ ಪತ್ರಗಳನ್ನು ಓದಿ ಪರಿಚಯ ಮಾಡಿಕೊಂಡವಳು. ಶಿಲೈದಹದಲ್ಲಿ ಅವರ ಮನೆತನಕ್ಕೆ ಒಂದು ಹಳೆಯ ಕೋಠಿಯಿತ್ತು. ಪದ್ಮಾ ದಡ ಕೊರೆಯುತ್ತ ಹತ್ತಿರ ಬಂದಾಗ ಅದನ್ನು ಕೆಡವಿ, ಅದೇ ಸಾಮಾನು ಬಳಸಿ ಬೇರೆಡೆ ಹೊಸ ಮನೆ ಕಟ್ಟಿದರು. ಹೊಳೆ ಬರುವ ಮೊದಲೇ ಮನೆ ಬಿಚ್ಚುವ ಕೆಲಸ ಜಮೀನ್ದಾರರಿಗೂ ತಪ್ಪಲಿಲ್ಲ.

ಇನ್ನೂ ಕೆಳಗೆ, ಶರೀಯತ್‌ಪುರದ ಸೀಮೆಯಲ್ಲಿ, ರಾಜಾ ರಾಜವಲ್ಲಭನ ಅರಮನೆ, ಗುಡಿಗಳನ್ನೆಲ್ಲ ನುಂಗಿದ್ದಕ್ಕೆ ಜನ ಇದೇ ನದಿಗೆ ಕೀರ್ತಿನಾಶಾ ಎಂದು ಹೆಸರಿಟ್ಟರು. ಅಲ್ಲೂ ಹೆಂಗಸಿನ ಹೆಸರೇ, ನೋಡಿ!

ಆದರೆ ಇದು ಚಂಚಲತೆಯಲ್ಲ, ಅಭ್ಯಾಸ. ಅದನ್ನು ಅಳತೆಪಟ್ಟಿ ಹಿಡಿದು ಮೊದಲು ಬರೆದಿಟ್ಟವರಲ್ಲಿ ಜೇಮ್ಸ್ ರೆನೆಲ್ ಒಬ್ಬ. 1764ರಿಂದ ಬಂಗಾಳದ ನದಿಗಳನ್ನು ಅಳೆದ ಈ ಇಂಗ್ಲಿಷ್ ಮೋಜಣಿದಾರ 1781ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಒಪ್ಪಿಸಿದ. ಜಲಂಗಿ ಕವಲೊಡೆಯುವ ಬಾಯಿ ತಾನಿದ್ದ 11 ವರ್ಷಗಳಲ್ಲಿ ಮುಕ್ಕಾಲು ಮೈಲಿ ಕೆಳಕ್ಕೆ ಸರಿದದ್ದನ್ನು ಅದರಲ್ಲಿ ಹೇಳಿದ್ದಾನೆ. ಪಾಪ, ಅವನ ನಕಾಶೆಯಲ್ಲಿ ಮೈಮನಸಿಂಗ್ ಕಡೆಯಿಂದ ಹರಿಯುವ ಬ್ರಹ್ಮಪುತ್ರವೇ 1787ರ ತೀಸ್ತಾ ಪ್ರವಾಹದ ನಂತರದ ದಶಕಗಳಲ್ಲಿ ಪಶ್ಚಿಮಕ್ಕೆ ಸರಿದು ಜಮುನಾ ಎನಿಸಿಕೊಂಡಿತು.

ದಡ ಬೀಳುವ ಬಗೆ ಸರಳ. ತಿರುವಿನ ಹೊರಮಗ್ಗುಲಿಗೆ ನೀರು ರಭಸದಿಂದ ಬಡಿದು ಬುಡದ ಮರಳನ್ನು ಎಳೆದೊಯ್ಯುತ್ತದೆ. ಮೇಲಿನ ಮಣ್ಣು ಸಜ್ಜದಂತೆ ಚಾಚಿ ನಿಲ್ಲುತ್ತದೆ. ಹೊಳೆ ತುಂಬಿರುವ ತನಕ ನೀರೇ ದಡಕ್ಕೆ ಆಸರೆ. ನೆರೆ ಇಳಿದಾಗ ಆ ಆಸರೆ ಹೋಗುತ್ತದೆ, ನೆನೆದ ಮಣ್ಣಿನ ಭಾರ ಮಾತ್ರ ಉಳಿಯುತ್ತದೆ. ಮಳೆಗಾಲ ಕಳೆಯಿತೆಂದು ಹಾಯೆನ್ನುವ ಹೊತ್ತಿಗೇ ಅಂಗಳ ಬಿರುಕು ಬಿಡುತ್ತದೆ.

1970ರ ದಶಕದಿಂದ ಉಪಗ್ರಹದ ಚಿತ್ರಗಳು ಬಂದವು. ಬೇಸಗೆಯ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ, ಮುಂದಿನ ಮಳೆಗಾಲದಲ್ಲಿ ಯಾವ ದಡ ಹೋದೀತು ಎಂದು ಢಾಕಾದ ಸಿ.ಇ.ಜಿ.ಐ.ಎಸ್. ಸಂಸ್ಥೆ 2004ರಿಂದ ಮುನ್ಸೂಚನೆ ಕೊಡತೊಡಗಿತು. ಕೆಲವು ಕಡೆ ಅಪಾಯದ ಮಟ್ಟ ತಿಳಿಸಲು ಕೆಂಪು, ಹಳದಿ ಬಾವುಟಗಳನ್ನೂ ನೆಟ್ಟರು. ಕೆಂಪು ಬಾವುಟದ ಈಚೆಗಿನ ಅಡುಗೆಮನೆಯಲ್ಲಿ ಅನ್ನಕ್ಕೆ ಎಸರಿಡುವವಳ ಮನಸ್ಸನ್ನು ನೆನೆದರೆ ನನಗೆ ಕಣ್ಣು ಮಂಜಾಗುತ್ತದೆ.

ಆದರೂ ತಿಳಿದಿರುವುದೇ ಮೇಲು. ತಗಡಿನ ಮನೆಯಾದರೆ ಬಿಚ್ಚಿ ದೋಣಿಗೆ ಹಾಕಬಹುದು, ಮರ ಕಡಿದು ಮಾರಬಹುದು. ನೆಲವನ್ನು ಹೊರಲಾಗದು. 1967ರಿಂದ 2018ರೊಳಗೆ ಪದ್ಮಾ 66,000 ಹೆಕ್ಟೇರಿಗೂ ಹೆಚ್ಚು ಭೂಮಿ ನುಂಗಿದ್ದಾಳೆ. 2018ರಲ್ಲಿ ನಡಿಯಾದಲ್ಲಿ ಆಸ್ಪತ್ರೆಯ ಕಟ್ಟಡವೇ ನೀರಿಗೆ ಹೋಯಿತು.

ಬಾಂಗ್ಲಾದೇಶದ 1994ರ ಕಾನೂನು ತಿದ್ದುಪಡಿಯಂತೆ, ಕೊಚ್ಚಿಹೋದ ಜಮೀನು 30 ವರ್ಷದೊಳಗೆ ಅದೇ ಜಾಗದಲ್ಲಿ ಮತ್ತೆ ಎದ್ದರೆ ಹಳೆಯ ಒಡೆಯರ ಹಕ್ಕು ಉಳಿಯುತ್ತದೆ. ಅದಕ್ಕೆ ಕಂದಾಯದ ರಸೀದಿ, ಪತ್ರಗಳು ಬೇಕು. ಮನೆ ಬಿಚ್ಚುವ ಗಡಿಬಿಡಿಯಲ್ಲಿ ಪಾತ್ರೆಪಗಡದ ಜೊತೆ, ನೀರಿನಡಿಯ ಹೊಲದ ಆ ಕಾಗದಗಳನ್ನೂ ಯಾರಾದರೂ ಜೋಪಾನ ಮಾಡಬೇಕಲ್ಲ.