ದೀಪಸಹಿತ ಫ್ಯಾನ್ ಸಾಗಣೆ: ಗಾಜು ಒಡೆದರೆ ಹೊಣೆ ಎಷ್ಟು?

ಬೆಂಗಳೂರು: ನಗರದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಯಲ್ಲಿ ಕೊಂಡ ದೀಪಸಹಿತ ಸೀಲಿಂಗ್ ಫ್ಯಾನನ್ನು ಹುಬ್ಬಳ್ಳಿಗೋ ಕಲಬುರಗಿಗೋ ಲಾರಿ ಪಾರ್ಸೆಲ್‌ನಲ್ಲಿ ಕಳುಹಿಸುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಭಾರವಾದ ಮೋಟಾರು, ಬಾಗುವ ರೆಕ್ಕೆ, ಒಡೆಯುವ ಗಾಜು ಮೂರೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ದಾರಿಯಲ್ಲಿ ಹಾನಿಯಾದರೆ ಎಷ್ಟು ಪರಿಹಾರ ಸಿಗುತ್ತದೆ ಎಂಬುದು ಬುಕಿಂಗ್ ವೇಳೆಯಲ್ಲೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ.

ಕಟ್ಟುವ ಕ್ರಮ

ಮೋಟಾರು ಅಲುಗಾಡದಂತೆ ಥರ್ಮೋಕೋಲ್ ಅಚ್ಚಿನಲ್ಲಿ ಕೂರಿಸಬೇಕು. ಗಾಜಿನ ಶೇಡ್ ಹಾಗೂ ಬಲ್ಬುಗಳನ್ನು ಕಳಚಿ ಬೇರೆ ಪೆಟ್ಟಿಗೆಯಲ್ಲಿಡುವುದು ಲೇಸು. ಕಬ್ಬಿಣದ ರಾಡನ್ನು ಬಿಡಿಯಾಗಿ ಬಿಟ್ಟರೆ ಅದೇ ಗಾಜಿಗೆ ಬಡಿಯುತ್ತದೆ. ಅದನ್ನು ಬಿಗಿಯಾಗಿ ಕಟ್ಟಬೇಕು. ರೆಕ್ಕೆಗಳನ್ನು ತೂಕ ಸರಿಹೊಂದಿಸಿ ಜೊತೆ ಮಾಡಿರುವುದರಿಂದ ಒಂದು ಪೆಟ್ಟಿಗೆಯ ರೆಕ್ಕೆಯನ್ನು ಇನ್ನೊಂದರ ಜೊತೆ ಬೆರೆಸಬಾರದು. ಬೆರೆತರೆ ಅಥವಾ ಬಾಗಿದರೆ ಫ್ಯಾನ್ ತೂಗಾಡುತ್ತದೆ. ಪೆಟ್ಟಿಗೆಯ ಹೊರಗೆ ಗಾಜಿನ ಲೋಟ, ಮೇಲ್ಮುಖ ಬಾಣ ಮತ್ತು ಕೊಡೆಯ ಗುರುತುಗಳಿರಲಿ.

ಬಾಡಿಗೆ ಲೆಕ್ಕ

ಹಗುರವಾದರೂ ಜಾಗ ಹಿಡಿಯುವ ಸರಕಿಗೆ ಅನೇಕ ಸಾಗಣೆ ಸಂಸ್ಥೆಗಳು ಗಾತ್ರದ ತೂಕವನ್ನೇ ಪರಿಗಣಿಸುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಒಂದು ಬಳಕೆಯ ಲೆಕ್ಕ. ಇದರಂತೆ 60x30x30 ಸೆಂ.ಮೀ. ಪೆಟ್ಟಿಗೆ 7 ಕೆ.ಜಿ. ತೂಗಿದರೂ 10.8 ಕೆ.ಜಿ.ಯ ಬಾಡಿಗೆ ಬೀಳುತ್ತದೆ. ವ್ಯಾಪಾರಿ ಸರಕಿನ ಮೌಲ್ಯ 50,000 ರೂ. ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು.

ಪರಿಹಾರದ ಮಿತಿ

1865ರ ಕಾಯ್ದೆಯ ಸ್ಥಾನದಲ್ಲಿ ಬಂದ 2007ರ ರಸ್ತೆ ಸಾಗಣೆ ಕಾಯ್ದೆ ಹಾಗೂ 2011ರ ನಿಯಮಗಳ ಪ್ರಕಾರ, ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಆ ಮೊತ್ತವೂ ಘೋಷಿತ ಮೌಲ್ಯವನ್ನು ಮೀರುವಂತಿಲ್ಲ. ಉದಾಹರಣೆಗೆ, 9,000 ರೂ. ಬೆಲೆಯ ಫ್ಯಾನಿಗೆ 200 ರೂ. ಬಾಡಿಗೆ ತೆತ್ತಿದ್ದರೆ ಮಿತಿ 2,000 ರೂ. ಮಾತ್ರ. ಇದಕ್ಕಿಂತ ಹೆಚ್ಚಿನ ರಕ್ಷಣೆ ಬೇಕಿದ್ದಲ್ಲಿ ಸರಿಯಾದ ಮೌಲ್ಯವನ್ನು ನಮೂದಿಸಿ, ಸಾಗಣೆದಾರ ನಿಗದಿಪಡಿಸಿದ ಹೆಚ್ಚುವರಿ ಅಪಾಯ ದರವನ್ನು ಪಾವತಿಸಲು ಒಪ್ಪಬೇಕು. ಪ್ರತ್ಯೇಕ ಸಾಗಣೆ ವಿಮೆ ಮಾಡಿಸುವುದು ಇನ್ನೊಂದು ದಾರಿ.

ಪೆಟ್ಟಿಗೆ ಬಂದಾಗ

ಸಹಿ ಹಾಕುವ ಮುನ್ನ ಪೆಟ್ಟಿಗೆಯ ಮೂಲೆಗಳನ್ನು ನೋಡಬೇಕು. ಒಳಗೆ ಗಾಜು ಕಿಣಿಕಿಣಿ ಎಂದರೆ ಗುಮಾಸ್ತರ ಎದುರಿನಲ್ಲೇ ತೆರೆದು, ಹಾನಿಯ ವಿವರವನ್ನು ಡೆಲಿವರಿ ಪ್ರತಿಯಲ್ಲಿ ಬರೆಸಿ, ಛಾಯಾಚಿತ್ರ ತೆಗೆದಿಡುವುದು ಒಳಿತು. ಲಾರಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಸಾಗಣೆದಾರನ ವಿರುದ್ಧ ದಾವೆ ಹೂಡುವ ಮೊದಲು ಲಿಖಿತ ನೋಟಿಸ್ ನೀಡುವುದು ಕಡ್ಡಾಯ. ಅದಕ್ಕಿರುವ ಗಡುವು 180 ದಿನ. ಈ ದಿನಗಳ ಎಣಿಕೆ ಆರಂಭವಾಗುವುದು ಸರಕು ಕೈಸೇರಿದ ದಿನದಿಂದಲ್ಲ, ಬುಕಿಂಗ್ ಮಾಡಿದ ದಿನದಿಂದ. ಗೃಹಪ್ರವೇಶಕ್ಕೆಂದು ತರಿಸಿದ ಪೆಟ್ಟಿಗೆಯನ್ನು ತೆರೆಯದೆ ತಿಂಗಳುಗಟ್ಟಲೆ ಮೂಲೆಯಲ್ಲಿಡುವವರಿಗೆ ಈ ವ್ಯತ್ಯಾಸ ದುಬಾರಿಯಾಗಬಹುದು.