ಬಣ್ಣದ ಸೀಮೆಯಲ್ಲಿ ಬಂಗಾರದ ಮೀನಿನ ಮದ್ದು

ತೇರದಾಳದ ನೇಮಿನಾಥ ಬಸದಿಯನ್ನು ಮಾಂಡಲಿಕ ಗೊಂಕ ಕಟ್ಟಿಸಿದ್ದು ಕ್ರಿ.ಶ. 1123ರಲ್ಲಿ. ಅದನ್ನು ಹೇಳುವ ಹಳಗನ್ನಡ ಶಾಸನವನ್ನು ಕೆ.ಬಿ. ಪಾಠಕರು ಹತ್ತೊಂಬತ್ತನೆಯ ಶತಮಾನದಲ್ಲೇ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಬಸದಿ ಎದ್ದಾಗ ಕಲ್ಯಾಣದ ಗದ್ದುಗೆಯ ಮೇಲೆ ಆರನೆಯ ವಿಕ್ರಮಾದಿತ್ಯನಿದ್ದ. ಅವನ ತಮ್ಮ ಕೀರ್ತಿವರ್ಮ, ಜೈನ ಕವಿ, ಅದೇ ಹೊತ್ತಿನಲ್ಲಿ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಕವಿಚರಿತೆಕಾರರು ಅದಕ್ಕೆ ಕೊಡುವ ಕಾಲ ಸುಮಾರು 1125. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ವನ್ನು ಮುಗಿಸಿದ್ದು 1129ರಲ್ಲಿ. ಹೀಗೆ ತೇರದಾಳದ ಬಸದಿಗೆ ಇನ್ನೂ ಹತ್ತು ವರ್ಷ ತುಂಬುವ ಮೊದಲೇ ಅದೇ ರಾಜಮನೆತನದಿಂದ ದನದ ರೋಗ ವಾಸಿಮಾಡುವ ಪುಸ್ತಕವೊಂದು, ಮೀನಿನ ಬಗ್ಗೆ ಒಂದು ಅಧ್ಯಾಯವೇ ಇರುವ ಪುಸ್ತಕವೊಂದು ಹೊರಬಂದಿದ್ದವು.

ಈ ಎರಡು ಪುಸ್ತಕಗಳ ನಡುವೆ ಒಂದು ದೊಡ್ಡ ಅಂತರವಿದೆ. ಗೋವೈದ್ಯ ಔಷಧ, ಮಂತ್ರ ಎರಡನ್ನೂ ಹೇಳಿ ದನವನ್ನು ಉಳಿಸಲು ನೋಡುತ್ತದೆ. ಮಾನಸೋಲ್ಲಾಸದ ‘ಮತ್ಸ್ಯವಿನೋದ’ ಮೀನನ್ನು ಹಿಡಿಯಲು ನೋಡುತ್ತದೆ. ಯಾವ ಮೀನು ಸಮುದ್ರದ್ದು, ಯಾವುದು ಹೊಳೆಯದು, ಯಾವುದಕ್ಕೆ ಹುರುಪೆಯಿದೆ, ಯಾವುದಕ್ಕಿಲ್ಲ, ಯಾವುದಕ್ಕೆ ಎಳ್ಳಿನ ಉಂಡೆ ಹಾಕಬೇಕು, ಯಾವುದಕ್ಕೆ ಹಿಟ್ಟಿನ ಉಂಡೆ, ಗಾಳದ ದಾರ ಎಂಥದಿರಬೇಕು ಎಂದು ದೊರೆ ಬಿಡಿಸಿ ಬಿಡಿಸಿ ಹೇಳುತ್ತಾನೆ. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ಮೀನುಶಾಸ್ತ್ರದ ಕಣ್ಣಿನಿಂದ ಓದಿ ಬರೆದರು. ಮೀನನ್ನು ಅಷ್ಟು ಹತ್ತಿರದಿಂದ ಕಂಡ ದೊರೆ, ಅದಕ್ಕೆ ಬೇನೆ ಬಂದರೆ ಏನು ಮಾಡಬೇಕೆಂಬ ಪ್ರಶ್ನೆ ಎತ್ತುವುದಿಲ್ಲ. ಆನೆಗೆ ಪಾಲಕಾಪ್ಯ, ಕುದುರೆಗೆ ಶಾಲಿಹೋತ್ರ, ಗಿಡಕ್ಕೂ ವೃಕ್ಷಾಯುರ್ವೇದ ಇದ್ದ ನಾಡಿನಲ್ಲಿ ಮೀನಿಗೆ ವೈದ್ಯನಿರಲಿಲ್ಲ. ಸುರಪಾಲನ ವೃಕ್ಷಾಯುರ್ವೇದದಲ್ಲಿ ಮೀನು ಗಿಡಕ್ಕೆ ಗೊಬ್ಬರವಾಗುತ್ತದೆ, ಅಷ್ಟೆ.

ಕಾರಣ ಊಹಿಸಬಹುದು. ಎತ್ತು ಕುಂಟಿದರೆ ಹೊಲ ನಿಲ್ಲುತ್ತದೆ, ಕುದುರೆ ಬಿದ್ದರೆ ದಂಡು ನಿಲ್ಲುತ್ತದೆ. ಹೊಳೆಯ ಮೀನಿಗೆ ಏನಾಯಿತೆಂದು ಹೊಳೆಯ ದಂಡೆಯಲ್ಲಿ ನಿಂತವನಿಗೆ ಕಾಣುವುದೇ ಇಲ್ಲ. ಮೀನಿನ ರೋಗ ಕಣ್ಣಿಗೆ ಬೀಳಬೇಕಾದರೆ ಮೀನು ಮನುಷ್ಯನ ಮನೆಯ ಪಾತ್ರೆಯೊಳಗೆ ಬಂದು ನೆಲೆಸಬೇಕಿತ್ತು.

ಆ ಕೆಲಸ ಮೊದಲು ನಡೆದದ್ದು ಚೀನಾದಲ್ಲಿ. ಅಲ್ಲಿಯ ಕೆರೆಗಳ ಬೂದುಬಣ್ಣದ ಒಂದು ಜಾತಿಯ ಗಂಡೆಮೀನಿನಲ್ಲಿ ಆಗಾಗ ಕೆಂಪು, ಹಳದಿ ಮರಿಗಳು ಹುಟ್ಟುತ್ತಿದ್ದವು. ಸೋಂಗ್ ದೊರೆಗಳ ಕಾಲದಲ್ಲಿ (960–1279) ಅವನ್ನು ಆರಿಸಿ ಕೊಳದಲ್ಲಿ ಬೆಳೆಸುವ ಹವ್ಯಾಸ ಅರಮನೆಯಿಂದ ಸಿರಿವಂತರ ಮನೆಗೆ ಇಳಿಯಿತು. ಮಿಂಗ್ ಕಾಲಕ್ಕೆ ಮೀನು ಕೊಳದಿಂದ ಮಣ್ಣಿನ, ಪಿಂಗಾಣಿಯ ಗಡಿಗೆಗೆ ಬಂತು. ಈ ಮೀನಿನ ಬಗ್ಗೆಯೇ ಬರೆದ ಮೊದಲ ಪುಸ್ತಕ, ಜಾಂಗ್ ಕಿಯಾಂಡೆಯದು, 1596ರದು. ಅದಕ್ಕಿಂತ ಬಹಳ ಹಿಂದಿನ, ಕವಿ ಸು ಶಿಯ ಹೆಸರಿನಲ್ಲಿ ನಡೆದುಬಂದ ಒಂದು ಪುಸ್ತಕದಲ್ಲಿ ನಮಗೆ ಬೇಕಾದ ಮಾತಿದೆ: ಮೀನು ಸೊರಗಿ ಮೈಮೇಲೆ ಬಿಳಿ ಚುಕ್ಕೆ ಎದ್ದರೆ ಅದಕ್ಕೆ ಹೇನು ಹತ್ತಿದೆ ಎಂದರ್ಥ, ನೀರಿಗೆ ಇಂಥ ಮರದ ತೊಗಟೆ ಹಾಕಬೇಕು ಎಂದು ಅದು ಹೇಳುತ್ತದೆ. ಸು ಶಿ ತೀರಿಕೊಂಡದ್ದು 1101ರಲ್ಲಿ, ಕಲ್ಯಾಣದಲ್ಲಿ ವಿಕ್ರಮಾದಿತ್ಯ ಆಳುತ್ತಿದ್ದಾಗ. ಮದ್ದನ್ನು ಮೀನಿನ ಬಾಯಿಗಲ್ಲ, ನೀರಿಗೆ ಹಾಕಬೇಕೆಂಬ ತಿಳಿವಳಿಕೆ ಅಷ್ಟು ಹಳೆಯದು. ಮುಂದಿನ ಚರಿತ್ರೆಯೆಲ್ಲ ಈ ತಿಳಿವಳಿಕೆಯ ಬೆಳವಣಿಗೆಯೇ.

ಈ ಬಂಗಾರದ ಮೀನು, ಅಂದರೆ ಗೋಲ್ಡ್‌ಫಿಶ್, ಜಪಾನಿಗೆ, ಹದಿನೇಳನೆಯ ಶತಮಾನದಲ್ಲಿ ಯುರೋಪಿಗೆ ಹೋಯಿತು. ಗಾಜಿನ ತೊಟ್ಟಿ ಬಂದದ್ದು ಇನ್ನೂ ತಡವಾಗಿ. ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ 1850ರಲ್ಲಿ, ಗಿಡ, ಮೀನು, ಬಸವನಹುಳು ಒಂದೇ ತೊಟ್ಟಿಯಲ್ಲಿ ಒಂದನ್ನೊಂದು ಸಾಕಿಕೊಂಡಿರಬಲ್ಲವೆಂದು ತೋರಿಸಿದ. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಮೊದಲ ಸಾರ್ವಜನಿಕ ಮೀನುಮನೆ ತೆರೆಯಿತು. ಮುಂಬಯಿಯ ತಾರಾಪೋರ್‌ವಾಲಾ ಅಕ್ವೇರಿಯಂ 1951ರದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರದು.

ಬಿಳಿ ಚುಕ್ಕೆ ರೋಗದ ನಿಜ ಹೊರಬಿದ್ದದ್ದು 1876ರಲ್ಲಿ. ಫ್ರಾನ್ಸಿನ ಫೂಕೆ ಸೂಕ್ಷ್ಮದರ್ಶಕದಡಿ ಆ ಚುಕ್ಕೆಯನ್ನು ಇಟ್ಟು ನೋಡಿ, ಅದರೊಳಗೆ ಗುಂಡಗೆ ತಿರುಗುವ ಒಂದೇ ಕೋಶದ ಜೀವಿಯನ್ನು ವಿವರಿಸಿದ. ಇಂದು ಮೀನು ಸಾಕುವವರು ಅದನ್ನು ‘ಇಕ್’ ಎನ್ನುತ್ತಾರೆ. ಚುಕ್ಕೆಯೊಳಗೆ ಚರ್ಮದಡಿ ಕುಳಿತ ಜೀವಿಗೆ ಯಾವ ಮದ್ದೂ ತಾಗದು. ಅದು ಬಲಿತು ಕಳಚಿ ತೊಟ್ಟಿಯ ತಳಕ್ಕೆ ಬೀಳುತ್ತದೆ, ಅಲ್ಲಿ ಒಡೆದು ನೂರಾರು ಮರಿಗಳಾಗುತ್ತದೆ, ಆ ಮರಿಗಳು ಮೀನನ್ನು ಹುಡುಕಿ ಈಜುತ್ತವೆ. ಮದ್ದು ಹಿಡಿಯುವುದು ಈ ಈಜುವ ಮರಿಗಳನ್ನು ಮಾತ್ರ. ನೀರು 25 ಡಿಗ್ರಿಯ ಹತ್ತಿರವಿದ್ದರೆ ಇಡೀ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ, ತಣ್ಣಗಿದ್ದರೆ ವಾರಗಟ್ಟಲೆ ಎಳೆಯುತ್ತದೆ. ಎರಡು ದಿನ ಮದ್ದು ಹಾಕಿ, ಚುಕ್ಕೆ ಮಾಯವಾಯಿತೆಂದು ನಿಲ್ಲಿಸಿದವರ ತೊಟ್ಟಿಯಲ್ಲಿ ಮತ್ತೆ ಚುಕ್ಕೆ ಏಳುವುದು ಇದೇ ಕಾರಣಕ್ಕೆ.

ಇಲ್ಲಿಂದ ಮುಂದೆ ಮೀನಿನ ಮದ್ದಿನ ಕತೆ ಬಣ್ಣದ ಕಾರ್ಖಾನೆಗೆ ಹೋಗುತ್ತದೆ. ರಬಕವಿ-ಬನಹಟ್ಟಿಯ ಮಗ್ಗದ ಸದ್ದಿನಲ್ಲಿ ಬೆಳೆದವರು ಇದನ್ನು ಗಮನಿಸಿ ಓದಬೇಕು. ಫೂಕೆ ಚುಕ್ಕೆಯ ಜೀವಿಯನ್ನು ಕಂಡ 1876ರಲ್ಲೇ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯಲ್ಲಿ ಹೈನ್‌ರಿಖ್ ಕಾರೋ ಮೆಥಿಲೀನ್ ಬ್ಲೂ ತಯಾರಿಸಿದ. ಮರುವರ್ಷ ಒಟ್ಟೊ ಫಿಶರ್ ಮ್ಯಾಲಕೈಟ್ ಗ್ರೀನ್ ತಯಾರಿಸಿದ. ಎರಡೂ ಹುಟ್ಟಿದ್ದು ನೂಲಿಗೆ, ಬಟ್ಟೆಗೆ ಬಣ್ಣ ಕೊಡಲು. ರೇಷ್ಮೆ, ಉಣ್ಣೆಗೆ ಇವು ನೇರವಾಗಿ ಹತ್ತುತ್ತವೆ. ಹತ್ತಿಯ ನೂಲಿಗೆ ಹತ್ತಬೇಕಾದರೆ ಅಳಲೆಕಾಯಿಯಂಥ ಒಗರಿನ ವಸ್ತುವಿನಲ್ಲಿ ಮೊದಲು ಅದ್ದಬೇಕು. ನೂಲಿಗೆ ಹತ್ತುವ ಬಣ್ಣ ಸೂಕ್ಷ್ಮಜೀವಿಗೂ ಹತ್ತುತ್ತದೆ ಎಂಬುದನ್ನು ಹಿಡಿದು ಪಾಲ್ ಎರ್ಲಿಕ್ ಮುಂದೆ ಹೋದ. 1891ರಲ್ಲಿ ಅವನೂ ಗುಟ್‌ಮನ್ ಎಂಬ ವೈದ್ಯನೂ ಮಲೇರಿಯಾ ರೋಗಿಗಳಿಗೆ ಮೆಥಿಲೀನ್ ಬ್ಲೂ ಕೊಟ್ಟು ನೋಡಿದರು. ಕಾರ್ಖಾನೆಯಲ್ಲಿ ತಯಾರಾದ ಬಣ್ಣವೊಂದು ಮನುಷ್ಯನಿಗೆ ಮದ್ದಾದದ್ದು ಹೀಗೆ. 1936ರಲ್ಲಿ ಫಾಸ್ಟರ್ ಮತ್ತು ವುಡ್‌ಬರಿ ಎಂಬ ಅಮೆರಿಕದ ಇಬ್ಬರು ಮ್ಯಾಲಕೈಟ್ ಗ್ರೀನ್ ಮೀನಿನ ಮೈಮೇಲಿನ ಬೂಷ್ಟನ್ನು ಕೊಲ್ಲುತ್ತದೆಂದು ಬರೆದರು. ಇಂದು ಅಕ್ವೇರಿಯಂ ಅಂಗಡಿಯ ಸಣ್ಣ ಬಾಟಲಿಯೊಳಗಿನ ನೀಲಿ ನೀರು, ಹಸಿರು ನೀರು ಬಹುಪಾಲು ಇವೇ ಎರಡು ಬಣ್ಣಗಳು.

ಬಣ್ಣದ ಅಂಗಡಿಗಳಿರುವ ಸೀಮೆಯಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೂಲಿಗೆ ಹಾಕುವ ಬಣ್ಣದ ಪುಡಿಯನ್ನು ಮೀನಿನ ತೊಟ್ಟಿಗೆ ಹಾಕಬಾರದು. ಅದರಲ್ಲಿ ಸತುವಿನ ಲವಣದಂಥ ಬೆರಕೆ ಇರುತ್ತದೆ, ಮೀನಿಗೆ ಅದು ವಿಷ. ಮ್ಯಾಲಕೈಟ್ ಗ್ರೀನ್ ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಅನುಮಾನದಿಂದ ತಿನ್ನುವ ಮೀನಿಗೆ ಅದನ್ನು ಬಳಸುವುದನ್ನು ಅನೇಕ ದೇಶಗಳು ನಿಷೇಧಿಸಿವೆ. ಮೆಥಿಲೀನ್ ಬ್ಲೂ ಅಷ್ಟು ಅಪಾಯದ್ದಲ್ಲ. ಆದರೆ ತೊಟ್ಟಿಯ ಮರಳಿನಲ್ಲಿ, ಫಿಲ್ಟರಿನಲ್ಲಿ ನೆಲೆಸಿ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳನ್ನೂ ಅದು ಕೊಲ್ಲುತ್ತದೆ. ಅದಕ್ಕೇ ಕಾಯಿಲೆಯ ಮೀನನ್ನು ಬೇರೆ ಬಕೆಟ್ಟಿನಲ್ಲಿ ಇಟ್ಟು ಆರೈಕೆ ಮಾಡುವುದು.

ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದವನು ಸೆರ್ಗೈ ವಿನೋಗ್ರಾಡ್‌ಸ್ಕಿ, 1890ರಲ್ಲಿ. ಮೀನು ತನ್ನ ಮೈಯ ಹೊಲಸನ್ನು ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ಆಗಿ ಬಿಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ವಿಷ, ಕೊನೆಯದನ್ನು ಅದು ಬಹಳ ಮಟ್ಟಿಗೆ ತಾಳಿಕೊಳ್ಳುತ್ತದೆ. ಟೇಬಲ್ಲಿನ ಮೇಲಿನ ಗುಂಡು ಬುಡ್ಡಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಸಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ಮಕ್ಕಳ ಹಟಕ್ಕೆ ಜಾತ್ರೆಯಲ್ಲೋ ಅಂಗಡಿಯಲ್ಲೋ ಕೊಂಡ ಗೋಲ್ಡ್‌ಫಿಶ್ ಕೆಲವೇ ದಿನದಲ್ಲಿ ಮೇಲಕ್ಕೆ ಬಂದು ಬಾಯಿ ತೆರೆತೆರೆದು ಒದ್ದಾಡುವುದು ಹೆಚ್ಚಾಗಿ ಇದರಿಂದ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲೆ ಬದುಕುವ ಮೀನು ಅದು.

ಹಾಗಾಗಿ ಮನೆಯ ಚಿಕಿತ್ಸೆಯಲ್ಲಿ ಮೊದಲ ಮದ್ದು ಹೊಸ ನೀರು, ಅದೂ ಪೂರ್ತಿಯಲ್ಲ. ಕಾಲು ಭಾಗದಿಂದ ಅರ್ಧದವರೆಗೆ ತೆಗೆದು, ಅಷ್ಟೇ ಬಿಸುಪಿನ ನೀರು ತುಂಬಬೇಕು. ಒಂದೆರಡು ದಿನ ಆಹಾರ ನಿಲ್ಲಿಸಬೇಕು. ಎರಡನೆಯ ಮದ್ದು ಉಪ್ಪು, ಲೀಟರಿಗೆ 1ರಿಂದ 3 ಗ್ರಾಂ, ಒಂದೇ ಸಲಕ್ಕಲ್ಲ, ಸ್ವಲ್ಪಸ್ವಲ್ಪವಾಗಿ ಕರಗಿಸಿ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ, ಬಿಳಿ ಚುಕ್ಕೆಯ ಈಜುವ ಮರಿಗಳನ್ನೂ ಕಾಡುತ್ತದೆ. ಇಷ್ಟು ಅಗ್ಗದ, ಇಷ್ಟು ಕೆಲಸಕ್ಕೆ ಬರುವ ಮದ್ದು ಇನ್ನೊಂದಿಲ್ಲ.

ತೇರದಾಳ ಸೀಮೆಯ ನೀರಿಗೂ ತನ್ನದೇ ಚರಿತ್ರೆಯಿದೆ. ಕೃಷ್ಣೆ ಪಕ್ಕದಲ್ಲೇ ಹರಿದರೂ ಬೇಸಿಗೆಯಲ್ಲಿ ಬತ್ತುತ್ತಿದ್ದ ನಾಡು ಇದು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ಬೆವರು ಸುರಿಸಿ 1989ರಲ್ಲಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಹೆಸರು ಅದಕ್ಕೆ ತಕ್ಕದ್ದೇ. ನೀರು ಬಂತು, ಕಬ್ಬು ಬಂತು, ಕಪ್ಪು ನೆಲದ ಎಷ್ಟೋ ಕಡೆ ಸವಳು-ಜವಳೂ ಬಂತು. ಬೋರಿನ ನೀರು ಗಡಸು, ಉಪ್ಪು. ಗೋಲ್ಡ್‌ಫಿಶ್ ಗಡಸು ನೀರನ್ನು ಚೆನ್ನಾಗಿಯೇ ತಾಳುತ್ತದೆ. ಆದರೆ ನೀರೇ ಉಪ್ಪಾಗಿರುವ ಊರಿನಲ್ಲಿ ಉಪ್ಪಿನ ಮದ್ದನ್ನು ಕೈಹಿಡಿದು ಹಾಕಬೇಕು.

ನಲ್ಲಿ ನೀರಿನದು ಬೇರೆ ತೊಂದರೆ, ಕ್ಲೋರಿನ್. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತದ ಕುಡಿಯುವ ನೀರಿನ ಮಾನಕ ಹೇಳುತ್ತದೆ. ಮನುಷ್ಯನನ್ನು ಕಾಲರಾದಿಂದ ಕಾಯುವ ಅಷ್ಟು ಕ್ಲೋರಿನ್ನೇ ಮೀನಿನ ಕಿವಿರನ್ನು ಸುಡಲು ಸಾಕು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟ ನೀರು ಮೀನಿಗೆ ಹೊಂದುತ್ತದೆ. ಅವಸರಕ್ಕೆ ಅಂಗಡಿಯಲ್ಲಿ ‘ಆ್ಯಂಟಿ ಕ್ಲೋರಿನ್’ ಹರಳು ಸಿಗುತ್ತದೆ. ಅದು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಚಿತ್ರ ಗಟ್ಟಿಮಾಡಲು ಬಳಸುತ್ತಿದ್ದ ಹೈಪೋ. ಅದರ ಗುಣವನ್ನು ಜಾನ್ ಹರ್ಷೆಲ್ 1819ರಷ್ಟು ಹಿಂದೆಯೇ ಕಂಡಿದ್ದ.

ಇನ್ನು ಬಿಸಿಲು. ಬಾಗಲಕೋಟೆ ಜಿಲ್ಲೆಯ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಗೋಲ್ಡ್‌ಫಿಶ್ ತಂಪು ನೀರಿನ ಮೀನು. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯ ನೀರು ಏಳೂವರೆಯಷ್ಟೇ ಹಿಡಿಯುತ್ತದೆ. ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ಮೀನು ಏದುಸಿರು ಬಿಡುತ್ತದೆ. ಆಗ ಬಣ್ಣದ ಮದ್ದು ಸುರಿದರೆ ಉಸಿರಾಟ ಇನ್ನಷ್ಟು ಕಷ್ಟವಾಗುತ್ತದೆ. ನೀರನ್ನು ಎತ್ತಿ ಎತ್ತಿ ಸುರಿದರೆ ಸಾಕು. ಬಿಳಿ ಚುಕ್ಕೆಯ ಕಾಟಕ್ಕೆ ಈ ಸೀಮೆಯಲ್ಲಿ ಹೆಚ್ಚು ಎಚ್ಚರವಿರಬೇಕಾದದ್ದು ಡಿಸೆಂಬರ್, ಜನವರಿಯ ತಣ್ಣನೆಯ ರಾತ್ರಿಗಳಲ್ಲಿ.

ಹಳ್ಳಿಯ ಮನೆಮದ್ದೂ ಮೀನಿನ ಬಳಿಗೆ ಬಂದದ್ದುಂಟು. 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತಕ್ಕೆ ಹುಣ್ಣುರೋಗವೊಂದು ನುಗ್ಗಿತು. ಬೂಷ್ಟಿನಂಥ ಜೀವಿಯಿಂದ ಬರುವ ಆ ರೋಗ ಮರೆಲ್ ಮೀನಿನ ಮೈಯನ್ನು ಎಲುಬು ಕಾಣುವಂತೆ ಕೊರೆಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ದಕ್ಷಿಣಕ್ಕೂ ಹಬ್ಬಿತು. ಆಗ ಕೆರೆಗಳಿಗೆ ಬಿದ್ದದ್ದು ಸುಣ್ಣ ಮತ್ತು ಅರಿಶಿನ. ಎತ್ತಿನ ಗಾಯಕ್ಕೆ ಹಚ್ಚುವ ಅರಿಶಿನ ಮೀನಿನ ಗಾಯಕ್ಕೂ ಬಂತು. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ಅನಂತರ ‘ಸಿಫಾಕ್ಸ್’ ಎಂಬ ಮದ್ದು ತಯಾರಿಸಿತು.

ನಾಯಿಯ ವಿಷಯದಲ್ಲಿ ಈ ಸೀಮೆ ಬಲು ಮುಂದು. ಮುಧೋಳದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದು, ದೇಶದಲ್ಲೇ ಮೊದಲನೆಯದು. ಆದರೆ ತೇರದಾಳದಲ್ಲಿ ಸೊರಗಿದ ಮೀನಿಗೆ ಮಂಗಳೂರು ದೂರ. ತಾಲ್ಲೂಕಿನ ಪಶು ಆಸ್ಪತ್ರೆಯ ಕೈತುಂಬ ಆಕಳು, ಎಮ್ಮೆಗಳ ಕೆಲಸವಿರುತ್ತದೆ. ಹಾಗಾಗಿ ಮೀನಿನ ವೈದ್ಯಕೀಯ ಇಲ್ಲಿ ಮನೆಯವರ ಕೈಯಲ್ಲೇ ಉಳಿದಿದೆ, ಬಹಳ ಸಲ ಮನೆಯ ಹುಡುಗ ಹುಡುಗಿಯರ ಕೈಯಲ್ಲಿ.

ಅವರಲ್ಲಿ ಒಂದು ಕೋರಿಕೆ. ವಾಸಿಯಾಗದ ಮೀನನ್ನು, ಸಾಕಿ ಸಾಕಾದ ಮೀನನ್ನು ಕನಿಕರದಿಂದ ಕೃಷ್ಣೆಗೋ ಘಟಪ್ರಭೆಗೋ ಊರ ಕೆರೆಗೋ ಬಿಡಬೇಡಿ. ಅದರ ಮೈಮೇಲಿನ ಹೇನು, ಹುಣ್ಣು ಹೊಳೆಯ ಮೀನುಗಳಿಗೂ ಹತ್ತುತ್ತವೆ. ಆಸ್ಟ್ರೇಲಿಯಾದ ನದಿಗಳಲ್ಲಿ ಹೀಗೆ ಬಿಟ್ಟ ಗೋಲ್ಡ್‌ಫಿಶ್‌ಗಳು ಬೆಳೆದು ಅಲ್ಲಿಯ ಮೀನುಗಳಿಗೆ ಕುತ್ತಾಗಿವೆ. ಬೇಡವಾದ ಮೀನನ್ನು ಕೊಂಡ ಅಂಗಡಿಗೇ ಹಿಂತಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ.