ಮಂಗನ ಕಾಯಿಲೆಯ ವೈರಸ್ ಪತ್ತೆ: ಇಲಿಮರಿಯಿಂದ ಚಿಪ್‌ವರೆಗೆ

1957ರ ಬೇಸಿಗೆಯ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರೂ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರ ಇಲ್ಲಿಗೂ ಬಂತೇ ಎಂಬುದು ಮೊದಲ ಆತಂಕ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಲ್ಲಿ ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರು ರಕ್ತದ ಮಾದರಿಗಳನ್ನು ಇಲಿಮರಿಗಳ ಮೆದುಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವವರೆಗೆ ದಿನಗಟ್ಟಲೆ ಕಾದರು. ಸಿಕ್ಕಿದ್ದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಹೊಸ ವೈರಸ್. ರಷ್ಯಾದ ವಸಂತ-ಬೇಸಿಗೆ ಮೆದುಳು ಜ್ವರದ ವೈರಸ್ ಅದರ ಹತ್ತಿರದ ಸಂಬಂಧಿ.

ಅಂದು ಇಲಿಮರಿಯೇ ಸಂವೇದಕ. ಒಂದು ಅರ್ಥದಲ್ಲಿ ಅದು ಬಹಳ ಸೂಕ್ಷ್ಮವಾದದ್ದು, ಆದರೆ ಉತ್ತರ ಬರುವಷ್ಟರಲ್ಲಿ ರೋಗಿಯ ಪಾಡು ಇತ್ಯರ್ಥವಾಗಿರುತ್ತಿತ್ತು. ಪ್ರತಿಕಾಯ ಪರೀಕ್ಷೆಗಳಿಗೆ ಬೇರೊಂದು ತೊಡಕಿತ್ತು. ಡೆಂಗಿಯೂ ಇದೇ ಫ್ಲೇವಿವೈರಸ್ ಕುಲದ್ದಾದ್ದರಿಂದ ಒಂದರ ಪ್ರತಿಕಾಯ ಇನ್ನೊಂದಕ್ಕೂ ಸ್ಪಂದಿಸಬಹುದು. ಮೇಲಾಗಿ ಪ್ರತಿಕಾಯ ಮೂಡಲು ದಿನಗಳು ಬೇಕು. ವೈರಸ್ ಮಾತ್ರ ಜ್ವರದ ಮೊದಲ ದಿನಗಳಿಂದಲೇ ರಕ್ತದಲ್ಲಿ ಹೇರಳ. ಆದ್ದರಿಂದ ಈ ಕಾಯಿಲೆಗೆ ತಳಿದ್ರವ್ಯವನ್ನೇ ಹುಡುಕುವುದು ಸರಿಯಾದ ದಾರಿ.

ಮಂಗನ ಕಾಯಿಲೆಯ ಈ ಕ್ಯಾಸನೂರು ವೈರಸ್‌ನಲ್ಲಿರುವುದು ಆರ್‌ಎನ್‌ಎ, ಸುಮಾರು 11 ಸಾವಿರ ಅಕ್ಷರಗಳ ಒಂಟಿ ಎಳೆ. 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಪತ್ತೆಹಚ್ಚಿದ ಕಿಣ್ವ ಅದನ್ನು ಡಿಎನ್‌ಎಗೆ ನಕಲು ಮಾಡಿಕೊಡುತ್ತದೆ; 1983ರಲ್ಲಿ ಕ್ಯಾರಿ ಮುಲ್ಲಿಸ್ ಕಂಡುಕೊಂಡ ಪಿಸಿಆರ್ ಆ ನಕಲನ್ನು ಕೋಟಿಗಟ್ಟಲೆ ಹೆಚ್ಚಿಸುತ್ತದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಈ ಎರಡನ್ನೂ ಜೋಡಿಸಿ 2012ರಲ್ಲಿ ಮಂಗನ ಕಾಯಿಲೆಗೆ ಪರೀಕ್ಷೆಗಳನ್ನು ಪ್ರಕಟಿಸಿತು. ಅದೇ ವರ್ಷದ ಕೊನೆಯಲ್ಲಿ ಮಲೆನಾಡಿನಿಂದ ದೂರದ ಬಂಡೀಪುರದಲ್ಲಿ ಮಂಗಗಳು ಸತ್ತಾಗ, ಕಾಯಿಲೆ ಅಲ್ಲಿಗೂ ತಲುಪಿರುವುದು ಗೊತ್ತಾಯಿತು.

ಜೈವಿಕ ಸಂವೇದಕದ ಕಥೆ ಇದಕ್ಕೆ ಸಮಾನಾಂತರವಾಗಿ ಬೆಳೆದದ್ದು. 1962ರಲ್ಲಿ ಲೆಲಂಡ್ ಕ್ಲಾರ್ಕ್ ಕಿಣ್ವ ಮತ್ತು ವಿದ್ಯುದ್ವಾರವನ್ನು ಕೂಡಿಸಿ ರಕ್ತದ ಸಕ್ಕರೆ ಅಳೆಯುವ ದಾರಿ ತೋರಿಸಿದ. ಕಿಣ್ವದ ಜಾಗದಲ್ಲಿ ವೈರಸ್ ಡಿಎನ್‌ಎಗೆ ಪೂರಕವಾದ ಒಂಟಿ ಎಳೆಯನ್ನು ಚಿನ್ನದ ಮೇಲ್ಮೈಗೆ ಅಂಟಿಸಿದರೆ ಅದು ಡಿಎನ್‌ಎ ಸಂವೇದಕ. ಜೋಡಿ ಎಳೆ ಬಂದು ಹೆಣೆದುಕೊಂಡಾಗ ವಿದ್ಯುತ್ ಸಂಕೇತ ಬದಲಾಗುತ್ತದೆ. ತತ್ವ ಇಷ್ಟು ಸರಳ. ಆದರೆ ರಕ್ತದಲ್ಲಿರುವ ಪ್ರೋಟೀನುಗಳು ಅದೇ ಚಿನ್ನಕ್ಕೆ ಮೆತ್ತಿಕೊಂಡು ಸಂಕೇತವನ್ನು ಕೆಡಿಸುವುದರಿಂದ, ಶುದ್ಧ ದ್ರಾವಣದಲ್ಲಿ ಗೆದ್ದ ಎಷ್ಟೋ ಸಂವೇದಕಗಳು ರೋಗಿಯ ಮಾದರಿಯ ಮುಂದೆ ಸೋಲುತ್ತವೆ.

ಸೂಕ್ಷ್ಮತೆಯ ಅಂಕಿಗಳಿಗೆ ಸಂಶೋಧಕರು ಕೊಡುವ ಮಹತ್ವ ಮಾದರಿ ಸಿದ್ಧತೆಗೆ ಸಿಕ್ಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಈ ಕಾರಣಕ್ಕೇ ಗಮನಾರ್ಹ. ಅದರಲ್ಲಿ ತಳಿದ್ರವ್ಯವನ್ನು ಬೇರ್ಪಡಿಸುವುದಕ್ಕೇ ಒಂದು ಯಂತ್ರವಿದೆ. ಒಣಗಿಸಿಟ್ಟ ರಾಸಾಯನಿಕಗಳ ಪುಟ್ಟ ಚಿಪ್ ಪಿಸಿಆರ್ ನಡೆಸುತ್ತದೆ. ಎರಡೂ ಬ್ಯಾಟರಿಯಲ್ಲಿ ಓಡುತ್ತವೆ, ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ. ಕ್ಷಯಕ್ಕೆ ಹೆಸರಾದ ಈ ಉಪಕರಣಕ್ಕೆ ಪುಣೆಯ ಸಂಸ್ಥೆಯ ಸಹಯೋಗದಲ್ಲಿ ಮಂಗನ ಕಾಯಿಲೆಯ ಪರೀಕ್ಷೆಯೂ ಸಿದ್ಧವಾಯಿತು.

2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದ ಮೇಲೆ ಹತ್ತಿರದ ಪರೀಕ್ಷೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಗತ್ಯ ಕಾಡಂಚಿಗೆ ಮುಗಿಯುವುದಿಲ್ಲ. ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರಿನಂಥ ಬಯಲಿನ ಹೋಬಳಿಯಲ್ಲಿ ಜ್ವರ, ತಲೆನೋವು, ಮೈಕೈ ನೋವು ಎಂದು ಬಂದವರನ್ನು ನೋಡಿದ ವೈದ್ಯರಿಗೆ ಮೊದಲು ಹೊಳೆಯುವುದು ಡೆಂಗಿ. ಡಿಸೆಂಬರಿನಿಂದ ಮೇವರೆಗಿನ ದಿನಗಳಲ್ಲಿ ಸಾಗರ, ತೀರ್ಥಹಳ್ಳಿಯ ಕಡೆ ಕೆಲಸಕ್ಕೆ ಹೋಗಿ ಬಂದವರಾದರೆ ಒಂದೇ ಹನಿ ರಕ್ತದಲ್ಲಿ ಎರಡೂ ವೈರಸ್‌ಗಳನ್ನು ಬೇರೆಬೇರೆಯಾಗಿ ಹುಡುಕಬೇಕು. ತಳಿದ್ರವ್ಯವನ್ನು ಹೆಚ್ಚಿಸಲು 2000ದಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಲ್ಯಾಂಪ್ ವಿಧಾನಕ್ಕೆ 60ರಿಂದ 65 ಡಿಗ್ರಿಯ ಒಂದೇ ಶಾಖ ಸಾಕು, ಪಿಸಿಆರ್‌ನಂತೆ ಕಾಯಿಸಿ ತಣಿಸುವ ಸುತ್ತುಗಳು ಬೇಡ. ಅದನ್ನು ಕಾಗದದ ಪಟ್ಟಿಯೊಂದಿಗೆ ಜೋಡಿಸಿ, ರಕ್ತ ಶುದ್ಧೀಕರಣವನ್ನೂ ಅದೇ ಪಟ್ಟಿಯೊಳಗೆ ತರುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೇಕಾದ ಮುಂದಿನ ಕೆಲಸ.